ಮೋಹಿನಿ ಆಡದ ಮಾತು
ಮಂತ್ರ ಹಾಕಿ ಮರುಳು ಮಾಡಿದವನಲ್ಲಿ ಸ್ವಂತ ಬುದ್ಧಿ ಎಷ್ಟು ಉಳಿಯುತ್ತದೆ? ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರಾಭಿನಯದ ಆಟದಲ್ಲಿ ಮೋಹನ ಮಂತ್ರವಿತ್ತು. ಅದರ ಮಿತಿ ಎಲ್ಲಿ ಎಂಬ ತಕರಾರು ಆಟಗಾರರಲ್ಲಿ ಇನ್ನೂ ಮುಗಿದಿಲ್ಲ.

ದಕ್ಷಿಣ ಕನ್ನಡದ ರಾಮಕುಂಜದ ಆಸುಪಾಸಿನ ಪುತ್ತೂರು, ಸುಳ್ಯ, ಕಡಬ ಸೀಮೆಗೆ ಈ ಪ್ರಶ್ನೆ ಹಳೆಯದು. ತಿರುಗಾಟ ಮುಗಿಯುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮಳೆಗಾಲದಲ್ಲಿ ತಾಳಮದ್ದಳೆಯ ಭರಾಟೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತು ಕಟ್ಟುತ್ತಾರೆ. ಪ್ರಸಂಗದ ಚೌಕಟ್ಟು ಮೀರುವಂತಿಲ್ಲ, ಅದರೊಳಗೆ ಎಷ್ಟು ವಾದಿಸಿದರೂ ಸರಿ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಈ ವಾದಕ್ಕೆ ಶಾಸ್ತ್ರದ ಬಿಗಿ ತಂದವರು.

ಮರುಳಾದವನ ಬುದ್ಧಿಯ ಪ್ರಶ್ನೆಗೆ ಭಸ್ಮಾಸುರನ ಕಥೆಯನ್ನೇ ತೆಗೆದುಕೊಳ್ಳಿ. ಯಾರ ತಲೆ ಮುಟ್ಟಿದರೂ ಅವರು ಬೂದಿಯಾಗಬೇಕೆಂಬುದು ಅವನಿಗೆ ಶಿವ ಕೊಟ್ಟ ವರ. ಅವನನ್ನು ಮರುಳು ಮಾಡಲು ವಿಷ್ಣು ತಳೆದ ರೂಪವಾದ ಮೋಹಿನಿ ‘ಸಾಯಿ’ ಎನ್ನುವುದಿಲ್ಲ. ತನ್ನಂತೆ ಕುಣಿ ಎನ್ನುತ್ತಾಳೆ. ಅಭಿನಯದ ನಡುವೆ ಅವಳ ಕೈ ತಲೆಯ ಮೇಲೇರುತ್ತದೆ, ಅವನದೂ ಏರುತ್ತದೆ. 2014ರ ಡಂಜನ್ಸ್ ನಿಯಮದಲ್ಲೂ ಇದೇ ಸೂಕ್ಷ್ಮವಿದೆ: ಸಲಹೆಯ ಮಂತ್ರ ಹಾಕಿ ‘ಬೆಂಕಿ ಹಚ್ಚಿಕೋ’ ಎಂದರೆ ಮಂತ್ರವೇ ಮುರಿಯುತ್ತದೆ. ಕೋರಿಕೆ ಸಹಜವೆನಿಸಬೇಕು.

ನಿಯಮಪುಸ್ತಕ ಹಿಡಿದು ಜಗಳಾಡುವ ತರುಣರು ಒಂದು ಮಳೆಗಾಲ ಈ ಸೀಮೆಯ ಕೂಟಕ್ಕೆ ಬಂದು ಕೂರಲಿ.