ಚಕ್ಕುಬಂದಿಗೆ ಸಿಗದ ಕೋಣೆಗಳು

ಮನೆ ಅಥವಾ ಹೊಲದ ಕ್ರಯಪತ್ರವನ್ನು ಓದಿದವರಿಗೆ ಚಕ್ಕುಬಂದಿ ಎಂಬ ಮಾತು ಹೊಸದಲ್ಲ. ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನ್ನೊಬ್ಬರ ಗೋಡೆ. ಮಹಾರಾಷ್ಟ್ರದಲ್ಲಿ ನೆಲೆಸಿರುವ ನಾವು ಇದನ್ನೇ ‘ಚತುಃಸೀಮಾ’ ಎಂಬ ಹೆಸರಿನಲ್ಲಿ ಕಾಣುತ್ತೇವೆ. ಹೊಲಕ್ಕೂ ನಿವೇಶನಕ್ಕೂ ಈ ನಾಲ್ಕು ಸಾಲು ಸಾಕು. ಆದರೆ ವಠಾರದ ಮೇಲುಮಹಡಿಯ ಒಂದು ಕೋಣೆಗೆ? ಅದರ ಕೆಳಗೊಬ್ಬರು, ಮೇಲೊಬ್ಬರು, ನೆಲದ ಒಡೆತನ ಇವರಿಬ್ಬರಿಗೂ ಸೇರದ ಮತ್ತೊಬ್ಬರದು. ನಾವು ವಠಾರ ಎನ್ನುವುದನ್ನು ಮರಾಠಿಗರು ಚಾಳ ಎನ್ನುತ್ತಾರೆ; ಹುಬ್ಬಳ್ಳಿ, ಬೆಳಗಾವಿಯವರಿಗೂ ಚಾಳವೇ ಪರಿಚಿತ. ಹೆಸರು ಯಾವುದಾದರೂ ಅದರೊಳಗಿನ ಕೋಣೆಯನ್ನು ಒಂದು ಸ್ವತ್ತೆಂದು ಬರೆದುಕೊಳ್ಳಲು ನಮ್ಮ ದಾಖಲೆ ವ್ಯವಸ್ಥೆಗೆ ನೂರು ವರ್ಷ ಹಿಡಿಯಿತು. ಅದು ಇನ್ನೂ ಪೂರ್ತಿ ಬರೆದುಕೊಂಡಿಲ್ಲ ಎಂದೇ ನನ್ನ ಅಭಿಪ್ರಾಯ.

ಮಾಲೇಗಾಂವ್ ಇದಕ್ಕೆ ಒಳ್ಳೆಯ ನಿದರ್ಶನ. ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ, ನಾಶಿಕದಿಂದ ನೂರು ಕಿಲೋಮೀಟರಿಗೆ ತುಸು ಆಚೆ, ಮೋಸಮ್ ನದಿಯ ದಡದಲ್ಲಿರುವ ಊರು. ಪೇಶ್ವೆಯರ ಸರದಾರ ನಾರೋಶಂಕರ ಕಟ್ಟಿಸಿದ ಭೂಯಿಕೋಟೆಯನ್ನು 1818ರಲ್ಲಿ ಬ್ರಿಟಿಷರು ಮುತ್ತಿಗೆ ಹಾಕಿ ವಶಪಡಿಸಿಕೊಂಡರು. 1857ರ ದಂಗೆಯ ನಂತರದ ದಶಕಗಳಲ್ಲಿ ಉತ್ತರ ಭಾರತದಿಂದ ಬಂದ ಮುಸ್ಲಿಂ ನೇಕಾರ ಕುಟುಂಬಗಳು ಇಲ್ಲಿ ಕೈಮಗ್ಗ ಹೂಡಿದವು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಮಗ್ಗ ಬಂದು ಊರಿನ ಬದುಕೇ ಅದರ ಸದ್ದಿಗೆ ಹೊಂದಿಕೊಂಡಿತು. (ಮರಾಠಿಯ ‘ಮಾಗ’ವೂ ನಮ್ಮ ‘ಮಗ್ಗ’ವೂ ಒಂದೇ ಮನೆಯ ಮಾತುಗಳೆಂಬುದು ಕಿವಿಗೇ ತಿಳಿಯುತ್ತದೆ.) ಕೆಳಗೆ ಮಗ್ಗದ ಷೆಡ್ಡು, ಮೇಲೆ ಸಂಸಾರ, ಹಿಂದೆ ಒಂದು ಸಾಲು ಕೋಣೆ, ಅದರಲ್ಲಿ ಬಾಡಿಗೆದಾರರು. ಮಕ್ಕಳು ದೊಡ್ಡವರಾದಂತೆ ಮಹಡಿಯ ಮೇಲೆ ಇನ್ನೊಂದು ಮಹಡಿ. ಊರು ಅಗಲಕ್ಕಿಂತ ಹೆಚ್ಚಾಗಿ ಒತ್ತೊತ್ತಾಗಿ ಬೆಳೆಯಿತು. 2001ರಲ್ಲಿ ಮಹಾನಗರಪಾಲಿಕೆಯೂ ಆಯಿತು.

ಇಂಥ ಊರನ್ನು ಕಾಗದದ ಮೇಲೆ ಇಳಿಸಲು ಇದ್ದ ಸಾಧನ ಯಾವುದು? ಮುಂಬಯಿ ಪ್ರಾಂತದ ಭೂಮಾಪನ 1830ರ ದಶಕದಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳ ಕೈಯಲ್ಲಿ ರೂಪುಗೊಂಡಿತು. ಅದೇ ಪದ್ಧತಿ ಧಾರವಾಡ, ಬೆಳಗಾವಿ ಕಡೆಗೂ ಹೋಯಿತು, ಖಾನದೇಶಕ್ಕೂ ಬಂತು. 1869ರಲ್ಲಿ ನಾಶಿಕ ಜಿಲ್ಲೆ ಹುಟ್ಟುವವರೆಗೆ ಮಾಲೇಗಾಂವ್ ಖಾನದೇಶಕ್ಕೆ ಸೇರಿತ್ತು. ಹೀಗಾಗಿ ಧಾರವಾಡದ ರೈತ ‘ಉತಾರ’ ಎಂದು ಕೇಳುವ ಕಾಗದವೂ ಇಲ್ಲಿನವರ ‘ಸಾತ್‌ಬಾರಾ ಉತಾರಾ’ವೂ ಒಂದೇ ಬೇರಿನವು. ಪೂರ್ವಕ್ಕೆ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಕಾಲಿಟ್ಟರೆ ನಿಜಾಮನ ಸೀಮೆ. ಅಲ್ಲಿನ ಹಳೆಯ ಕಾಗದಗಳ ಭಾಷೆ, ಲೆಕ್ಕ ಎಲ್ಲವೂ ಬೇರೆ. ಧಾರವಾಡದ ದಾಖಲೆಗೂ ಕಲಬುರಗಿಯ ದಾಖಲೆಗೂ ನಡುವೆ ನಾವು ಕಾಣುವ ಗೆರೆಯೇ ಇಲ್ಲಿ ಮಾಲೇಗಾಂವ್‌ಗೂ ಸಂಭಾಜಿನಗರಕ್ಕೂ ನಡುವೆ ಹಾದುಹೋಗುತ್ತದೆ.

ಆ ಭೂಮಾಪನ ಸರಪಳಿ ಹಿಡಿದು ಅಳೆದದ್ದು ಕಂದಾಯ ಹುಟ್ಟುವ ಹೊಲಗಳನ್ನು. ಜನ ವಾಸಿಸುವ ಜಾಗವನ್ನು ‘ಗಾವಠಾಣ’ ಎಂದು ಒಟ್ಟಾಗಿ ಸುತ್ತುಗೆರೆ ಎಳೆದು ಬಿಟ್ಟರು; ಹಳೆಯ ಮೈಸೂರಿನವರು ಗ್ರಾಮಠಾಣ ಎನ್ನುವುದೂ ಇದನ್ನೇ. ಕಂದಾಯ ಬಾರದ ಮನೆಯನ್ನು ಅಳೆದು ಸರಕಾರಕ್ಕೆ ಆಗಬೇಕಾದ್ದೇನು? ಎಕರೆಗೆ ಇಷ್ಟು ರೂಪಾಯಿ ಎಂದು ಹೊಲದ ಗುಂಟೆಗುಂಟೆಯನ್ನೂ ಬಲ್ಲ ದಾಖಲೆ, ಸಾವಿರಾರು ಜನ ಮಲಗಿ ಏಳುವ ಜಾಗದಲ್ಲಿ ಬರಿದಾಗಿತ್ತು. ಪಟ್ಟಣಗಳಿಗೆ ನಗರ ಭೂಮಾಪನ, ಅಂದರೆ ‘ಸಿಟಿ ಸರ್ವೆ’, ಬಂದದ್ದು ಆಮೇಲೆ. ಅದರಿಂದ ಹುಟ್ಟಿದ್ದು ಸಿ.ಟಿ.ಎಸ್. ನಂಬರು ಮತ್ತು ಪ್ರಾಪರ್ಟಿ ಕಾರ್ಡು. ಮರಾಠಿಯಲ್ಲಿ ‘ಮಿಳಕತ್ ಪತ್ರಿಕಾ’. ಬೆಳಗಾವಿ, ಹುಬ್ಬಳ್ಳಿಯವರು ಈ ನಂಬರನ್ನು ಇಂದಿಗೂ ಬಾಯಲ್ಲೇ ಹೇಳುತ್ತಾರೆ. ಕಾರ್ಡಿನಲ್ಲಿ ನೆಲದ ಅಳತೆ ಇದೆ, ಧಾರಕನ ಹೆಸರಿದೆ, ಭೋಜವಿದ್ದರೆ ಅದೂ ಇದೆ. ಆ ನೆಲದ ಮೇಲಿನ ಕೋಣೆಗಳಿಗೆ ಮಾತ್ರ ಅದರಲ್ಲಿ ಕಾಲಮ್ಮಿಲ್ಲ.

ಇನ್ನು ನೋಂದಣಿ. ದೇಶಕ್ಕೆಲ್ಲ ಅನ್ವಯವಾಗುವ ನೋಂದಣಿ ಕಾಯ್ದೆ 1864ರಲ್ಲಿ ಬಂದು, ಹಲವು ರೂಪ ದಾಟಿ, 1908ರಲ್ಲಿ ಇಂದಿನ ಆಕಾರಕ್ಕೆ ನಿಂತಿತು. ಇದರ 21ನೆಯ ಕಲಮನ್ನು ನಾನು ಕಾನೂನಿನ ಕುತೂಹಲಕ್ಕಿಂತ ಭಾಷೆಯ ಕುತೂಹಲದಿಂದ ಮತ್ತೆ ಮತ್ತೆ ಓದಿದ್ದೇನೆ. ಗುರುತು ಹಿಡಿಯಲು ಸಾಕಾಗುವಷ್ಟು ವರ್ಣನೆ ಇಲ್ಲದ ಸ್ಥಿರಾಸ್ತಿಯ ಪತ್ರವನ್ನು ಸ್ವೀಕರಿಸಬಾರದು ಎಂಬುದು ಮೊದಲ ಮಾತು. ಪಟ್ಟಣದ ಮನೆಯಾದರೆ ಅದು ಯಾವ ಬೀದಿಯ ಯಾವ ಮಗ್ಗುಲಲ್ಲಿದೆ, ನಂಬರು ಇದ್ದರೆ ಎಷ್ಟು, ಈಗ ಅದರಲ್ಲಿ ಯಾರ ವಾಸವಿದೆ, ಹಿಂದೆ ಯಾರದಿತ್ತು ಎಂಬುದನ್ನು ಬರೆಯಬೇಕು ಎಂಬುದು ಎರಡನೆಯದು. ಅಂದರೆ ವಠಾರದ ಬಾಡಿಗೆದಾರನ ಹೆಸರು ಮಾಲೀಕನ ಕ್ರಯಪತ್ರದಲ್ಲಿ ಬರುವುದಕ್ಕೆ ಕಾನೂನೇ ದಾರಿ ಮಾಡಿತ್ತು. ಆದರೆ ಬರುವುದು ಹಕ್ಕುದಾರನೆಂದಲ್ಲ, ಗುರುತಿನ ಕಲ್ಲಾಗಿ. ನಮ್ಮ ದಾನಶಾಸನಗಳಲ್ಲಿ ಗಡಿ ಹೇಳುವಾಗ ಹುಣಸೆಮರ, ಹುತ್ತ, ನಟ್ಟ ಕಲ್ಲು ಬರುತ್ತವಲ್ಲ, ಹಾಗೆ.

ಶಾಸನಗಳ ಮಾತು ಬಂದದ್ದರಿಂದ ಇನ್ನೊಂದು. ವಿಜಯನಗರ ಕಾಲದ ದಾನಪತ್ರಗಳಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಭೋಗಗಳು. ಇದರ ನೆಂಟಸ್ತಿಕೆಯ ಮಾತುಗಳು ಕನ್ನಡ ಮತ್ತು ಮರಾಠಿ ಖರೇದಿಖತ್ತುಗಳಲ್ಲಿ ಈಗಲೂ ಉಳಿದಿವೆ: ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ. ನೆಲದಡಿ ಹೂತಿಟ್ಟ ಹೊನ್ನನ್ನೂ ಮರೆಯದೆ ಕೊಟ್ಟುಬಿಡುವ ಈ ಪಟ್ಟಿ, ನೆಲದ ಮೇಲಕ್ಕೆ ಎದ್ದು ಒಂದರ ಮೇಲೊಂದು ಕೂತ ಮನೆಗಳ ಕಾಲವನ್ನು ಊಹಿಸಿರಲಿಲ್ಲ. ಊಹಿಸಲಿಲ್ಲವೆಂದು ಶಾಸನ ಬರೆದವರನ್ನು ದೂರಲಾಗದು. 1908ರಲ್ಲಿ ಕಾಯ್ದೆ ಬರೆದವರ ಕಣ್ಣೆದುರಿಗಾದರೋ ಮುಂಬಯಿಯ ಗಿರಣಿ ಚಾಳಗಳು ಆಗಲೇ ಎದ್ದು ನಿಂತಿದ್ದವು.

ಕೋಣೆ ದಾಖಲೆಗೆ ಬಾರದಿರಲು ಇನ್ನೂ ಗಟ್ಟಿಯಾದ ಕಾರಣ 17ನೆಯ ಕಲಮಿನಲ್ಲಿದೆ. ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ಮಾತ್ರ ನೋಂದಣಿ ಕಡ್ಡಾಯ. ವಠಾರದ ಬಾಡಿಗೆ ತಿಂಗಳಿನದು, ಬಾಯಿಮಾತಿನದು. ತಿಂಗಳು ತಿಂಗಳು ಸೇರಿ ಐವತ್ತು ವರ್ಷವಾದರೂ, ಅಜ್ಜನ ಕೋಣೆಯಲ್ಲಿ ಮೊಮ್ಮಗ ಇದ್ದರೂ, ನೋಂದಣಿ ಕಚೇರಿಯ ದೃಷ್ಟಿಯಲ್ಲಿ ಅದು ತಿಂಗಳ ಬಾಡಿಗೆಯೇ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ ಇಂಥ ಬಾಡಿಗೆದಾರನಿಗೆ ಬಲವಾದ ರಕ್ಷಣೆ ಕೊಟ್ಟಿತು. ಅದನ್ನು ರುಜುವಾತು ಮಾಡುವ ಕಾಗದವನ್ನು ಮಾತ್ರ ಕೊಡಲಿಲ್ಲ. ಹೀಗಾಗಿ ಬಾಡಿಗೆ ಪಾವತಿ, ರೇಷನ್ ಕಾರ್ಡು, ವಿದ್ಯುತ್ ಬಿಲ್ಲು, ಪುರಸಭೆಯ ಕರನಿರ್ಧಾರ ಪುಸ್ತಕದ ‘ಭೋಗವಟಾದಾರ’ ಎಂಬ ಕಾಲಮ್ಮು, ಇವೇ ಆಧಾರವಾದವು. ಕೈಬದಲಾಗುವಾಗ ಕೊಡುವ ‘ಪಗಡಿ’ ಹಣ ಕಾನೂನಿಗೆ ವಿರುದ್ಧವಾದ್ದರಿಂದ ಅದಕ್ಕೆ ರಸೀದಿಯೂ ಇಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿಯನ್ನು ಒಪ್ಪಿಕೊಂಡಿತು; ಜೊತೆಗೆ 55ನೆಯ ಕಲಮಿನಲ್ಲಿ ಎಲ್ಲ ಬಾಡಿಗೆ ಕರಾರೂ ಬರವಣಿಗೆಯಲ್ಲಿದ್ದು ನೋಂದಣಿಯಾಗಬೇಕು, ನೋಂದಾಯಿಸುವ ಹೊಣೆ ಮಾಲೀಕನದು, ಮಾಡಿಸದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಬೇರೆಯದು ಸಾಬೀತಾಗುವ ತನಕ ಎಂದಿತು. ನನಗೆ ಇದು ಆ ಕಾಯ್ದೆಯ ಅತ್ಯಂತ ವಿವೇಕದ ಭಾಗವೆನಿಸುತ್ತದೆ. ಕಾಗದ ಮಾಡಿಸುವ ಶಕ್ತಿ ಯಾರಿಗಿದೆಯೋ ಕಾಗದ ಇಲ್ಲದ ನಷ್ಟವೂ ಅವರಿಗೇ ತಟ್ಟಬೇಕು ಎಂಬ ಯೋಚನೆ ಅದರಲ್ಲಿದೆ. ಹಳೆಯ ವಠಾರ ಕುಸಿದಾಗ ಅಥವಾ ಮಾಲೀಕ ಮಾರಿದಾಗ, ಯಾರಿಗೆ ಹೊಸ ಕಟ್ಟಡದಲ್ಲಿ ಜಾಗ, ಯಾರಿಗೆ ಬೀದಿ ಎಂಬುದು ಇಂಥ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಕೊನೆಗೆ ಕೋಣೆ ಸ್ವತ್ತಾದದ್ದು ಫ್ಲ್ಯಾಟುಗಳ ಕಾಲದಲ್ಲಿ. 1963ರ ಮಹಾರಾಷ್ಟ್ರ ಫ್ಲ್ಯಾಟ್ ಕಾಯ್ದೆ ಖರೀದಿ ಕರಾರಿನ ನೋಂದಣಿಯನ್ನು ಕಡ್ಡಾಯ ಮಾಡಿತು. 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇನ್ನೂ ಮುಂದೆ ಹೋಗಿ, ಎಷ್ಟನೆಯ ಮಹಡಿ, ಯಾವ ನಂಬರು, ಎಷ್ಟು ಕೋಣೆ, ನೆಲದಲ್ಲಿ ಶೇಕಡಾ ಎಷ್ಟು ಅವಿಭಕ್ತ ಪಾಲು ಎಂಬುದನ್ನು ಘೋಷಣಾಪತ್ರದಲ್ಲಿ ಬರೆಯಿಸಿತು. ಕರ್ನಾಟಕದಲ್ಲಿ ಇಂಥದೇ ಕಾಯ್ದೆ 1972ರದು. ಆದರೆ ಘೋಷಣಾಪತ್ರ ಮಾಡಿಸಿದ ಕಟ್ಟಡಕ್ಕಷ್ಟೇ ಇದು ಅನ್ವಯ. ಮಹಾರಾಷ್ಟ್ರದಲ್ಲಿ ಬಹುಪಾಲು ಜನ ಹಿಡಿದದ್ದು ಸಹಕಾರ ಸಂಘದ ದಾರಿ. ಅಲ್ಲಿ ಫ್ಲ್ಯಾಟಿನವನ ಕೈಯಲ್ಲಿ ನೋಂದಾಯಿತ ಕರಾರು ಮತ್ತು ಷೇರು ಸರ್ಟಿಫಿಕೇಟ್ ಇರುತ್ತವೆ. ನೆಲವನ್ನು ಬಿಲ್ಡರು ಸಂಘದ ಹೆಸರಿಗೆ ಕನ್ವೇಯನ್ಸ್ ಮಾಡಿಕೊಡಬೇಕು. ಎಷ್ಟೋ ಮಂದಿ ಮಾಡಿಕೊಡದೆ ಉಳಿದದ್ದರಿಂದಲೇ, ಬಿಲ್ಡರು ಬಾರದಿದ್ದರೂ ಸಕ್ಷಮ ಅಧಿಕಾರಿಯ ಆದೇಶದ ಮೇಲೆ ಹಕ್ಕು ವರ್ಗಾಯಿಸುವ ‘ಡೀಮ್ಡ್ ಕನ್ವೇಯನ್ಸ್’ ಎಂಬ ವ್ಯವಸ್ಥೆಯನ್ನು 2008ರ ತಿದ್ದುಪಡಿ ತರಬೇಕಾಯಿತು.

ಇಷ್ಟೆಲ್ಲ ಆದರೂ ನೋಂದಣಿ ಎಂದರೆ ಪತ್ರದ ನೋಂದಣಿಯೇ ಹೊರತು ಹಕ್ಕಿನ ಖಾತರಿಯಲ್ಲ. 1858ರಲ್ಲೇ ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ತಂದ ಪದ್ಧತಿಯಲ್ಲಿ ರಿಜಿಸ್ಟರಿನಲ್ಲಿರುವ ಹೆಸರಿಗೆ ಸರಕಾರವೇ ಜಾಮೀನು. ನಮ್ಮಲ್ಲಿ ಪ್ರಾಪರ್ಟಿ ಕಾರ್ಡಿನ ನಮೂದೂ, 1966ರ ಭೂಕಂದಾಯ ಸಂಹಿತೆ ಹೇಳುವಂತೆ, ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂಬ ಗ್ರಹಿಕೆ ಮಾತ್ರ. ಆ ಗ್ರಹಿಕೆಯೂ ನೆಲಕ್ಕೆ ಅಂಟಿಕೊಂಡಿದೆ. ಪ್ರತಿ ಫ್ಲ್ಯಾಟಿಗೂ ಬೇರೆಯೇ ಪ್ರಾಪರ್ಟಿ ಕಾರ್ಡು ಕೊಡುವ ಮಾತು ಮಹಾರಾಷ್ಟ್ರದಲ್ಲಿ ಈಚಿನ ವರ್ಷಗಳಲ್ಲಿ ಎದ್ದಿದೆ.

ನಾಶಿಕ, ಪುಣೆ, ಮುಂಬಯಿಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರು ತಮ್ಮ ಕರಾರನ್ನು ಬೀರುವಿನಲ್ಲಿ ಭದ್ರವಾಗಿಟ್ಟಿರುತ್ತಾರೆ. ಕಟ್ಟಡದ ನೆಲದ ಪ್ರಾಪರ್ಟಿ ಕಾರ್ಡನ್ನು ತೆಗೆಸಿ ನೋಡಿದವರು ಕಡಿಮೆ. ಅದರ ‘ಧಾರಕ’ ಎಂಬ ಕಾಲಮ್ಮಿನಲ್ಲಿ ಸಂಘದ ಹೆಸರಿದೆಯೋ, ಬಿಲ್ಡರಿಗೆ ಜಾಗ ಮಾರಿದವನ ತಾತನ ಹೆಸರೇ ಇನ್ನೂ ಕೂತಿದೆಯೋ, ನಕಲು ಕೈಗೆ ಬಂದಾಗಲೇ ತಿಳಿಯುವುದು.