ಮಕ್ಕಳ ಧರ್ಮಸಂಸ್ಥೆಗಳಲ್ಲಿ ಮುಖ್ಯಾಧಿಕಾರಿಗಳ ವೇತನ: ಒಂದು ಚಾರಿತ್ರಿಕ ವಿಮರ್ಶೆ

ಅನಾಥ ಶಿಶುಗಳನ್ನು ಸಾಕುವ ಮತ್ತು ಅವರನ್ನು ದತ್ತು ಕೊಡಿಸುವ ಸಂಸ್ಥೆಗಳ ಮುಖ್ಯಾಧಿಕಾರಿಗಳು ಪಡೆಯುವ ವೇತನ ನ್ಯಾಯವಾದುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಏಳುತ್ತಿರುತ್ತದೆ. ಮಗುವಿನ ಹಾಲಿಗೆಂದು ದಾನಿಗಳು ಕೊಟ್ಟ ಹಣದಲ್ಲಿ ಅಧಿಕಾರಿಗೆ ದೊಡ್ಡ ಸಂಬಳ ಸಲ್ಲದೆಂಬುದು ಒಂದು ಪಕ್ಷ. ಸಾವಿರಾರು ಮಕ್ಕಳ ಯೋಗಕ್ಷೇಮವನ್ನು ಹೊತ್ತ ಸಂಸ್ಥೆಯನ್ನು ನಡೆಸಲು ದಕ್ಷರಾದವರು ಬೇಕು, ದಕ್ಷರಿಗೆ ತಕ್ಕ ಪ್ರತಿಫಲವನ್ನು ಕೊಡಲೇಬೇಕು ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷಗಳವರೂ ವೇತನದ ಮೊತ್ತವನ್ನೇ ಹಿಡಿದು ವಾದಿಸುತ್ತಾರೆ. ಆದರೆ ಇಂಥ ಸಂಸ್ಥೆಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಮೊತ್ತಕ್ಕಿಂತಲೂ ಮುಖ್ಯವಾದ ಮೂರು ಸಂಗತಿಗಳು ಕಂಡುಬರುತ್ತವೆ. ವೇತನವನ್ನು ಗೊತ್ತುಮಾಡುವವರು ಯಾರು? ಅದು ಯಾವ ಕಾರ್ಯಕ್ಕೆ ಕಟ್ಟುಬಿದ್ದಿದೆ? ಅದು ಹತ್ತು ಜನರ ಕಣ್ಣಿಗೆ ಬೀಳುವಂತಿದೆಯೇ? ಈ ಮೂರನ್ನು ಇಂಗ್ಲೆಂಡು, ಅಮೆರಿಕ ಮತ್ತು ಭಾರತಗಳ ಕೆಲವು ನಿದರ್ಶನಗಳಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಈ ಪ್ರಶ್ನೆಯ ವೈಶಿಷ್ಟ್ಯವನ್ನು ಗಮನಿಸಬೇಕು. ಅಂಗಡಿಯಲ್ಲಿ ಸರಕನ್ನು ಕೊಂಡವನು ಅದು ಕೆಟ್ಟದಾಗಿದ್ದರೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ; ಹಣ ಕೊಟ್ಟವನೂ ಸರಕನ್ನು ಅನುಭವಿಸಿದವನೂ ಒಬ್ಬನೇ. ಧರ್ಮಸಂಸ್ಥೆಯಲ್ಲಿ ಹಾಗಲ್ಲ. ಹಣ ಕೊಡುವವನು ದಾನಿ, ಸೇವೆಯನ್ನು ಪಡೆಯುವವನು ಮತ್ತೊಬ್ಬ. ಆ ಮತ್ತೊಬ್ಬನು ಹಸುಗೂಸಾದರೆ, ಸೇವೆ ಸರಿಯಾಗಿ ಸಂದಿತೋ ಇಲ್ಲವೋ ಎಂದು ಹೇಳಲು ಅದಕ್ಕೆ ಬಾಯಿಯೇ ಇಲ್ಲ. ಆದುದರಿಂದ ಇಲ್ಲಿ ವೇತನದ ಅಳತೆಗೋಲನ್ನು ಬೇರೆಯವರೇ ಹಿಡಿಯಬೇಕಾಗುತ್ತದೆ.

ಲಂಡನ್ನಿನ ‘ಫೌಂಡ್ಲಿಂಗ್ ಹಾಸ್ಪಿಟಲ್’ ಎಂಬ ಅನಾಥಶಿಶುಗಳ ಆಶ್ರಯಕ್ಕೆ ೧೭೩೯ರಲ್ಲಿ ರಾಜಶಾಸನ ದೊರೆಯಿತು. ಅದರ ಸ್ಥಾಪಕನಾದ ಥಾಮಸ್ ಕೋರಂ ಹಡಗಿನ ಕಪ್ತಾನನಾಗಿದ್ದವನು. ಬೀದಿಯ ಬದಿಯಲ್ಲಿ ಬಿಸುಟ ಕೂಸುಗಳನ್ನು ಕಂಡು ಮರುಗಿ, ಸುಮಾರು ಹದಿನೇಳು ವರ್ಷ ಶ್ರೀಮಂತರ ಮನೆಬಾಗಿಲುಗಳನ್ನು ತಟ್ಟಿ ಆ ಶಾಸನವನ್ನು ಸಂಪಾದಿಸಿದನು. ಆಡಳಿತಗಾರರೆಲ್ಲರೂ ವೇತನವಿಲ್ಲದೆ ಸೇವೆ ಮಾಡುವ ಗೌರವಸ್ಥರು. ಸಂಬಳ ಪಡೆಯುತ್ತಿದ್ದವರು ದಾದಿಯರು ಮೊದಲಾದ ನೌಕರರು ಮಾತ್ರ. ಸಂಸ್ಥೆಗಾಗಿ ತನ್ನದನ್ನೆಲ್ಲ ಕಳೆದುಕೊಂಡ ಕೋರಂ ಮುಪ್ಪಿನಲ್ಲಿ ಬಡತನಕ್ಕೆ ಸಿಕ್ಕಿದನು. ಮಿತ್ರರು ಚಂದಾ ಎತ್ತಿ ಅವನಿಗೆ ವರ್ಷಾಶನವನ್ನು ಏರ್ಪಡಿಸಬೇಕಾಯಿತು. ಅವನು ಕಾಲವಾದುದು ೧೭೫೧ರಲ್ಲಿ. ಧರ್ಮಕಾರ್ಯವನ್ನು ನಡೆಸುವವನು ಪ್ರತಿಫಲವನ್ನು ಬಯಸಬಾರದೆಂಬ ಆದರ್ಶಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನ ದೊರೆಯುವುದು ಕಷ್ಟ.

ಆದರೆ ಆಡಳಿತಗಾರರು ಸಂಬಳ ಪಡೆಯದ ಮಾತ್ರಕ್ಕೆ ಮಕ್ಕಳು ಉಳಿಯಲಿಲ್ಲ. ೧೭೫೬ರಲ್ಲಿ ಪಾರ್ಲಿಮೆಂಟು ಧನಸಹಾಯವನ್ನು ಮಂಜೂರು ಮಾಡಿ, ತಂದ ಕೂಸುಗಳನ್ನೆಲ್ಲ ಸೇರಿಸಿಕೊಳ್ಳಬೇಕೆಂದು ವಿಧಿಸಿತು. ಮುಂದಿನ ನಾಲ್ಕು ವರ್ಷಗಳೊಳಗೆ ಸುಮಾರು ೧೫,೦೦೦ ಶಿಶುಗಳು ಅಲ್ಲಿಗೆ ಬಂದುವು. ಅವುಗಳಲ್ಲಿ ಮೂರನೆಯ ಎರಡು ಪಾಲು ಸತ್ತುಹೋದುವು. ದೂರದ ಊರುಗಳಿಂದ ಕೂಸುಗಳನ್ನು ಹೊತ್ತು ತರುವುದೇ ಕೆಲವರಿಗೆ ಒಂದು ಕಸುಬಾಯಿತು. ಕೂಸಿಗೆ ಇಷ್ಟೆಂದು ಕೂಲಿ ಮೊದಲೇ ಕೈಸೇರಿದ ಮೇಲೆ, ಅದು ಲಂಡನ್ನಿಗೆ ಜೀವಸಹಿತ ತಲಪಿತೇ ಎಂಬುದು ಹೊತ್ತವನ ಚಿಂತೆಯಾಗಿ ಉಳಿಯಲಿಲ್ಲ. ಅನೇಕ ಶಿಶುಗಳು ದಾರಿಯಲ್ಲಿಯೇ ಅಸುನೀಗಿದುವು.

ಇದಕ್ಕೆ ವಿರುದ್ಧವಾದ ಇನ್ನೊಂದು ಏರ್ಪಾಡು ಕೆಲವೇ ವರ್ಷಗಳಲ್ಲಿ ಜಾರಿಗೆ ಬಂದುದು ಚರಿತ್ರೆಯ ಒಂದು ವಿಶೇಷ. ಆ ಆಶ್ರಯದ ಆಡಳಿತಗಾರರಲ್ಲಿ ಒಬ್ಬನಾಗಿದ್ದ ಜೋನಸ್ ಹ್ಯಾನ್‌ವೇ ಎಂಬಾತನ ಪ್ರಯತ್ನದಿಂದ ೧೭೬೭ರಲ್ಲಿ ಒಂದು ಕಾನೂನು ಆಯಿತು. ಲಂಡನ್ನಿನ ಬಡ ಶಿಶುಗಳನ್ನು ನಗರದ ಹೊರಗೆ ಸಾಕಲು ಕಳುಹಿಸಬೇಕು, ಸಾಕುವ ದಾದಿಗೆ ವಾರಕ್ಕೆ ಎರಡೂವರೆ ಷಿಲ್ಲಿಂಗಿಗೆ ಕಡಿಮೆಯಿಲ್ಲದಂತೆ ಕೊಡಬೇಕು, ಒಂಬತ್ತು ತಿಂಗಳೊಳಗಿನ ಕೂಸನ್ನು ಒಂದು ವರ್ಷ ಚೆನ್ನಾಗಿ ಸಾಕಿ ಉಳಿಸಿಕೊಂಡವಳಿಗೆ ಹತ್ತು ಷಿಲ್ಲಿಂಗು ಬಹುಮಾನ ಸಲ್ಲಬೇಕು ಎಂಬುದು ಅದರ ವಿಧಿ. ಹೊತ್ತು ತಂದವನ ಕೂಲಿ ಮಗುವಿನ ಸಾಗಣೆಗೆ ಕಟ್ಟುಬಿದ್ದಿತು. ದಾದಿಯ ಬಹುಮಾನ ಮಗುವಿನ ಪ್ರಾಣಕ್ಕೆ ಕಟ್ಟುಬಿದ್ದಿತು. ಇವರಿಬ್ಬರೂ ಸಂಸ್ಥೆಯ ಅಧಿಕಾರಿಗಳಲ್ಲ, ನಿಜ. ಆದರೂ ಅಧಿಕಾರಿಯ ವೇತನವನ್ನು ಅಳೆಯಲು ಬೇಕಾದ ಅಳತೆಗೋಲು ಈ ಎರಡು ಪ್ರತಿಫಲಗಳ ಅಂತರದಲ್ಲಿಯೇ ಅಡಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಾಠವನ್ನು ಇಂಗ್ಲೆಂಡು ಮರೆಯಿತು. ಅವಿವಾಹಿತ ತಾಯಂದಿರಿಂದ ಒಂದೇ ಗಂಟಾಗಿ ಹಣ ಪಡೆದು ಕೂಸುಗಳನ್ನು ‘ದತ್ತು’ ತೆಗೆದುಕೊಳ್ಳುವ ದಂಧೆ ಬೆಳೆಯಿತು. ಹಣವೆಲ್ಲ ಮುಂಗಡವಾಗಿಯೇ ಬಂದುದರಿಂದ ಮಗು ಎಷ್ಟು ಬೇಗ ಸತ್ತರೆ ಅಷ್ಟು ಲಾಭ ಎಂಬ ಘೋರವಾದ ಲೆಕ್ಕಾಚಾರಕ್ಕೆ ಅದು ಎಡೆಮಾಡಿತು. ೧೮೭೦ರಲ್ಲಿ ಮಾರ್ಗರೆಟ್ ವಾಟರ್ಸ್ ಎಂಬವಳು ಗಲ್ಲಿಗೇರಿದಳು. ೧೮೭೨ರಲ್ಲಿ ಶಿಶುಪ್ರಾಣರಕ್ಷಣೆಯ ಕಾನೂನು ಬಂದಿತು. ಆದರೂ ಅದೇ ದಂಧೆಯ ಅಮೀಲಿಯಾ ಡೈಯರ್ ಎಂಬವಳು ಗಲ್ಲಿಗೇರಿದುದು ೧೮೯೬ರಲ್ಲಿ.

ಈಗ ಸಂಸ್ಥೆಯ ಮುಖ್ಯಸ್ಥರ ವಿಷಯಕ್ಕೆ ಬರೋಣ. ಅಮೆರಿಕದ ಮೆಂಫಿಸ್ ನಗರದಲ್ಲಿ ಜಾರ್ಜಿಯಾ ಟ್ಯಾನ್ ಎಂಬಾಕೆ ಟೆನೆಸೀ ಮಕ್ಕಳ ಆಶ್ರಯಸಂಘದ ಶಾಖೆಯನ್ನು ೧೯೨೪ರಿಂದ ೧೯೫೦ರ ವರೆಗೆ ನಡೆಸಿದಳು. ಹೊರಗಿನ ಲೋಕಕ್ಕೆ ಆಕೆ ಮಕ್ಕಳ ರಕ್ಷಕಿ. ಆ ರಾಜ್ಯದೊಳಗಿನ ದತ್ತಿಗೆ ಪಡೆಯುತ್ತಿದ್ದ ಶುಲ್ಕ ಅತ್ಯಲ್ಪ. ಆದರೆ ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ಮೊದಲಾದ ದೂರದ ರಾಜ್ಯಗಳ ಸಿರಿವಂತರಿಗೆ ಮಕ್ಕಳನ್ನು ಕಳುಹಿಸಿದಾಗ ಅದರ ಎಷ್ಟೋ ಪಾಲು ಹೆಚ್ಚಿನ ಹಣ ಆಕೆಯ ಸ್ವಂತ ಖಾತೆಗೆ ಸಂದಾಯವಾಗುತ್ತಿತ್ತು. ಬಡ ತಾಯಂದಿರನ್ನು ವಂಚಿಸಿ ಮಕ್ಕಳನ್ನು ಕಸಿದುಕೊಂಡ ಪ್ರಕರಣಗಳೂ ನಡೆದುವು. ಆಕೆ ಗಳಿಸಿದ ಲಾಭ ಹತ್ತು ಲಕ್ಷ ಡಾಲರಿನಷ್ಟಾಗಿರಬಹುದೆಂದು ೧೯೫೦ರ ಸೆಪ್ಟೆಂಬರಿನಲ್ಲಿ ಆ ರಾಜ್ಯದ ಗವರ್ನರ್ ಗಾರ್ಡನ್ ಬ್ರೌನಿಂಗ್ ಬಹಿರಂಗಪಡಿಸಿದನು. ಕೆಲವೇ ದಿನಗಳಲ್ಲಿ ಆಕೆ ರೋಗದಿಂದ ಮರಣ ಹೊಂದಿದಳು, ವಿಚಾರಣೆ ನಡೆಯಲಿಲ್ಲ.

ಇಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ಸಂಘದ ವೇತನಪಟ್ಟಿಯನ್ನು ಮಾತ್ರ ನೋಡಿದವರಿಗೆ ಟ್ಯಾನಳ ಅಪರಾಧ ಕಾಣಿಸುತ್ತಿರಲಿಲ್ಲ. ‘ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ’ ಎಂದು ನಮ್ಮವರು ಹೇಳುವುದುಂಟು. ಕೈ ನೆಕ್ಕಿದುದನ್ನು ಲೋಕ ಕ್ಷಮಿಸಬಹುದು. ಆದರೆ ಗೂಡನ್ನೇ ಕದ್ದು ಮಾರಿದುದು ಬೇರೆ ವಿಷಯ. ಸಾಗಿಸಿದ ಮಕ್ಕಳ ಸಂಖ್ಯೆಗೆ ಆದಾಯವು ಕಟ್ಟುಬಿದ್ದಾಗ, ಸಾಗಿಸಲು ಮಕ್ಕಳು ಸಾಲದೆ ಹೋದರೆ ಅವರನ್ನು ಹೇಗಾದರೂ ‘ಒದಗಿಸುವ’ ಪ್ರೇರಣೆ ಹುಟ್ಟುತ್ತದೆ.

ಸಂಬಳದ ಮೊತ್ತವೊಂದೇ ಪ್ರಮಾಣವಲ್ಲವೆಂಬುದಕ್ಕೆ ಇನ್ನೊಂದು ಕಡೆಯಿಂದಲೂ ಸಾಕ್ಷ್ಯವಿದೆ. ನೆಬ್ರಾಸ್ಕ ರಾಜ್ಯದಲ್ಲಿ ಫಾದರ್ ಫ್ಲಾನಗನ್ ೧೯೧೭ರಲ್ಲಿ ಸ್ಥಾಪಿಸಿದ ‘ಬಾಯ್ಸ್ ಟೌನ್’ ಎಂಬ ಬಾಲಕರ ಆಶ್ರಯವನ್ನು ನಡೆಸುತ್ತಿದ್ದವರು ಧರ್ಮಗುರುಗಳು. ಅವರ ಸಂಬಳದ ಬಗ್ಗೆ ಯಾರೂ ದೂರಿರಲಿಲ್ಲ. ಆದರೆ ೧೯೭೨ರಲ್ಲಿ ಓಮಾಹದ ‘ಸನ್’ ಪತ್ರಿಕೆ ಆ ಸಂಸ್ಥೆಯ ಆಸ್ತಿ ಇಪ್ಪತ್ತು ಕೋಟಿ ಡಾಲರುಗಳನ್ನು ಮೀರಿದೆಯೆಂದೂ, ಅಲ್ಲಿರುವ ಹುಡುಗರು ಏಳುನೂರಕ್ಕೂ ಕಡಿಮೆಯೆಂದೂ, ಆದರೂ ದೇಶದ ಮೂಲೆಮೂಲೆಗೆ ಬೇಡಿಕೆಯ ಪತ್ರಗಳು ಹೋಗುತ್ತಲೇ ಇವೆಯೆಂದೂ ಪ್ರಕಟಿಸಿತು. ಈ ವರದಿಗೆ ಮರುವರ್ಷ ಪುಲಿಟ್ಜರ್ ಪಾರಿತೋಷಕ ದೊರೆಯಿತು. ಇಲ್ಲಿ ಯಾರೂ ಹಣವನ್ನು ಜೇಬಿಗಿಳಿಸಿರಲಿಲ್ಲ. ಅದು ಮಕ್ಕಳ ಕಡೆಗೆ ಹರಿಯದೆ ನಿಂತಿದ್ದಿತು, ಅಷ್ಟೆ. ಅಧಿಕಾರಿ ಅಲ್ಪತೃಪ್ತನಾಗಿದ್ದರೂ ಲೆಕ್ಕವು ಕತ್ತಲಲ್ಲಿದ್ದರೆ ದಾನಿಗೂ ಮಗುವಿಗೂ ಅನ್ಯಾಯವೇ.

ಬೃಹತ್ ವೇತನವು ಸಾರ್ವಜನಿಕ ಕ್ರೋಧಕ್ಕೆ ಗುರಿಯಾದುದು ೧೯೯೨ರಲ್ಲಿ. ಮಕ್ಕಳ ಸಂಸ್ಥೆಗಳೂ ಸೇರಿದಂತೆ ಅನೇಕ ಸೇವಾಸಂಸ್ಥೆಗಳಿಗಾಗಿ ಚಂದಾ ಎತ್ತುತ್ತಿದ್ದ ‘ಯುನೈಟೆಡ್ ವೇ’ ಸಂಸ್ಥೆಗಳ ರಾಷ್ಟ್ರೀಯ ಕಚೇರಿಯ ಅಧ್ಯಕ್ಷನಾದ ವಿಲಿಯಂ ಅರಮೋನಿ, ಇತರ ಸೌಲಭ್ಯಗಳೂ ಸೇರಿ ವರ್ಷಕ್ಕೆ ಸುಮಾರು ೪,೬೩,೦೦೦ ಡಾಲರು ಪಡೆಯುತ್ತಿದ್ದುದು ಹೊರಬಿದ್ದಿತು. ಅವನು ರಾಜೀನಾಮೆ ಕೊಟ್ಟನು. ೧೯೯೫ರಲ್ಲಿ ಅವನಿಗೆ ಏಳು ವರ್ಷಗಳ ಸೆರೆವಾಸ ಪ್ರಾಪ್ತವಾಯಿತು. ನ್ಯಾಯಾಲಯ ದಂಡಿಸಿದುದು ಸಂಸ್ಥೆಯ ಹಣವನ್ನು ಲಪಟಾಯಿಸಿದುದಕ್ಕಾಗಿ. ಜನರು ಮಾತ್ರ ಸಂಬಳಕ್ಕೂ ಅಷ್ಟೇ ಕೆರಳಿದ್ದರು.

ಇದಾದ ಮೇಲೆ ೧೯೯೬ರಲ್ಲಿ ಅಮೆರಿಕದ ಶಾಸನಸಭೆ ಒಂದು ಮಧ್ಯಮ ಮಾರ್ಗವನ್ನು ಹಿಡಿಯಿತು. ಧರ್ಮಸಂಸ್ಥೆಯ ಅಧಿಕಾರಿ ಯುಕ್ತವಾದುದಕ್ಕಿಂತ ಹೆಚ್ಚು ಪಡೆದರೆ ಹೆಚ್ಚಿನ ಭಾಗದ ಮೇಲೆ ನೂರಕ್ಕೆ ೨೫ರಷ್ಟು ತೆರಿಗೆ. ಅದನ್ನು ಹಿಂದಿರುಗಿಸದಿದ್ದರೆ ನೂರಕ್ಕೆ ೨೦೦ರಷ್ಟು. ಸ್ವಾರ್ಥಸಂಬಂಧವಿಲ್ಲದ ಸದಸ್ಯರು, ಸಮಾನ ಹುದ್ದೆಗಳ ವೇತನವನ್ನು ನೋಡಿ, ಕಾರಣಗಳನ್ನು ಬರೆದಿಟ್ಟು ಗೊತ್ತುಮಾಡಿದ ವೇತನವನ್ನು ಯುಕ್ತವೆಂದೇ ಭಾವಿಸತಕ್ಕದ್ದೆಂದು ಅದರ ಅನ್ವಯ ರಚಿತವಾದ ನಿಯಮಗಳು ಹೇಳಿದುವು. ವಿವೇಕಯುತವಾದ ಈ ನಿಯಮದಲ್ಲಿಯೂ ಒಂದು ಲೋಪವಿದೆ. ಹೋಲಿಕೆಗೆ ಲಾಭಕ್ಕಾಗಿ ನಡೆಯುವ ಉದ್ಯಮಗಳನ್ನೂ ತೆಗೆದುಕೊಳ್ಳಬಹುದು. ಪ್ರತಿಯೊಂದು ಸಂಸ್ಥೆಯೂ ತನ್ನ ಅಧಿಕಾರಿ ಸರಾಸರಿಗಿಂತ ಕೆಳಗಿರಬಾರದೆಂದು ಬಯಸಿದರೆ ಸರಾಸರಿಯೇ ವರ್ಷ ವರ್ಷವೂ ಮೇಲೇರುತ್ತದೆ. ೨೦೧೭ರ ಕಾನೂನು ಹತ್ತು ಲಕ್ಷ ಡಾಲರು ಮೀರಿದ ವೇತನದ ಮೇಲೆ ನೂರಕ್ಕೆ ೨೧ರಷ್ಟು ತೆರಿಗೆಯನ್ನು ಸಂಸ್ಥೆಯ ಮೇಲೆಯೇ ವಿಧಿಸಿದುದು ಈ ಏರಿಕೆ ಎಲ್ಲಿಗೆ ಮುಟ್ಟಿದ್ದಿತೆಂಬುದನ್ನು ಸೂಚಿಸುತ್ತದೆ.

ದತ್ತಿನ ವಿಷಯದಲ್ಲಿ ಭಾರತದ ಅನುಭವ ಇದಕ್ಕಿಂತ ಹಿಂದಿನದು. ನಮ್ಮ ದೇಶದ ಮಕ್ಕಳನ್ನು ವಿದೇಶೀಯರಿಗೆ ದತ್ತು ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ನ್ಯಾಯವಾದಿ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ಸರ್ವೋಚ್ಚ ನ್ಯಾಯಾಲಯ ೧೯೮೪ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದ ಆ ತೀರ್ಪು, ಮಗುವಿನ ಪೋಷಣೆಗಾಗಿ ಸಂಸ್ಥೆ ಪಡೆಯಬಹುದಾದ ವೆಚ್ಚಕ್ಕೆ ದಿನಕ್ಕೆ ೬೦ ರೂಪಾಯಿಗಳ ಮಿತಿಯನ್ನು ಹಾಕಿತು. ಸಂಸ್ಥೆ ಖರ್ಚನ್ನು ಪಡೆಯಲಿ, ಬೆಲೆಯನ್ನು ಪಡೆಯದಿರಲಿ ಎಂಬುದು ಅದರ ತಾತ್ಪರ್ಯ.

ಇದೇ ತತ್ತ್ವ ೧೯೯೩ರ ಹೇಗ್ ಒಪ್ಪಂದದಲ್ಲಿ ಅಂತರರಾಷ್ಟ್ರೀಯ ವಿಧಿಯಾಯಿತು. ಅದರ ೩೨ನೆಯ ವಿಧಿಯ ಪ್ರಕಾರ ದತ್ತಿನಿಂದ ಯಾರೂ ಅನುಚಿತ ಲಾಭವನ್ನು ಪಡೆಯಕೂಡದು. ದತ್ತುಸಂಸ್ಥೆಗಳ ನಿರ್ದೇಶಕರು, ಆಡಳಿತಗಾರರು ಮತ್ತು ನೌಕರರು ಸಲ್ಲಿಸಿದ ಸೇವೆಗೆ ಹೋಲಿಸಿದರೆ ವಿಪರೀತವೆನಿಸುವ ಸಂಭಾವನೆಯನ್ನು ಪಡೆಯಕೂಡದು. ಭಾರತ ಇದನ್ನು ೨೦೦೩ರಲ್ಲಿ ಸ್ಥಿರೀಕರಿಸಿತು. ಅಮೆರಿಕ ೨೦೦೬ರಲ್ಲಿ ಹೊರಡಿಸಿದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲೆಗೊಳಿಸಿದ ಮಗುವಿಗೆ ಇಷ್ಟೆಂಬ ಪ್ರತಿಫಲವನ್ನು ನಿಷೇಧಿಸಿದುವು. ಸಂಬಳವೋ ಗಂಟೆಯ ಕೂಲಿಯೋ ಸೇವೆಯ ಶುಲ್ಕವೋ ಆಗಬಹುದು, ತಲೆಯೆಣಿಕೆಯ ದಲ್ಲಾಳಿತನ ಆಗದು.

ಈ ನಿಷೇಧದ ಅಗತ್ಯವನ್ನು ಅಂಕಿಗಳೇ ಹೇಳುತ್ತವೆ. ವಿದೇಶಗಳಿಂದ ಅಮೆರಿಕಕ್ಕೆ ದತ್ತಾಗಿ ಹೋದ ಮಕ್ಕಳು ೨೦೦೪ರಲ್ಲಿ ಸುಮಾರು ೨೩,೦೦೦. ೨೦೨೩ರಲ್ಲಿ ೧,೩೦೦ಕ್ಕೂ ಕಡಿಮೆ. ದತ್ತುಶುಲ್ಕವೇ ಆಧಾರವಾಗಿರುವ ಸಂಸ್ಥೆಗೆ ಈ ಇಳಿತವೆಂದರೆ ವರಮಾನದ ಇಳಿತ. ಆದರೆ ಮಗು ತನ್ನ ನಾಡಿನಲ್ಲಿಯೇ, ಸಾಧ್ಯವಾದರೆ ಹೆತ್ತವರ ಮಡಿಲಲ್ಲಿಯೇ ಬೆಳೆಯುವುದು ಮಗುವಿನ ದೃಷ್ಟಿಯಿಂದ ಲಾಭ. ಸಂಸ್ಥೆಯ ನಷ್ಟ ಮಗುವಿನ ಲಾಭವಾಗಬಹುದಾದ ಇಂಥ ಕಡೆ, ಅಧಿಕಾರಿಯ ಜೀವನೋಪಾಯವನ್ನು ಸಂಖ್ಯೆಗೆ ಕಟ್ಟುವುದು ಒಳ್ಳೆಯವನನ್ನೂ ಪರೀಕ್ಷೆಗೆ ಒಡ್ಡಿದಂತೆ.

ಹಾಗಾದರೆ ಅಧಿಕಾರಿಗಳ ವೇತನ ನ್ಯಾಯವೇ? ವೇತನವನ್ನು ಪಡೆಯುವುದು ನ್ಯಾಯವೇ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬಿಟ್ಟಿಸೇವೆಯನ್ನೇ ಧರ್ಮವೆಂದರೆ ಸಂಸ್ಥೆಯು ಸಿರಿವಂತರ ಕೈಗೋ, ಬೇರೆ ದಾರಿಯಲ್ಲಿ ಗಳಿಸಬಲ್ಲವರ ಕೈಗೋ ಸಿಕ್ಕುತ್ತದೆ. ಕೋರಂನಂಥವರು ಮುಪ್ಪಿನಲ್ಲಿ ಚಂದಾಹಣಕ್ಕೆ ಕಾಯಬೇಕಾಗುತ್ತದೆ. ಆದರೆ ಆ ವೇತನವನ್ನು ಪಡೆಯುವವನೇ ಗೊತ್ತುಮಾಡಿದರೆ, ಅಥವಾ ಅದು ದಾನಿಗೆ ಕಾಣದಂತೆ ಇದ್ದರೆ, ಮೊತ್ತ ಚಿಕ್ಕದಾದರೂ ಅನ್ಯಾಯ. ಅದು ಸಾಗಿಸಿದ ಮಕ್ಕಳ ಸಂಖ್ಯೆಗೆ ಕಟ್ಟುಬಿದ್ದಿದ್ದರೆ ಅನ್ಯಾಯ ಮಾತ್ರವಲ್ಲ, ಅಪಾಯ.

ಮೊತ್ತದ ವಿಷಯದಲ್ಲಿಯೂ ಒಂದು ಮಾತು ಉಳಿಯುತ್ತದೆ. ವೇತನವನ್ನು ಹೋಲಿಸಲೇಬೇಕಾದರೆ ಮೊದಲು ಅದೇ ಸಂಸ್ಥೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಕೂಸಿಗೆ ಹಾಲು ಕುಡಿಸುವ ಆಯಾಳ ಕೂಲಿಯೊಡನೆ ಹೋಲಿಸುವುದು ಉಚಿತ. ದೂರದ ಉದ್ಯಮಪತಿಗಳ ವೇತನವನ್ನು ಆಮೇಲೆ ನೋಡಬಹುದು. ೧೭೬೭ರ ಕಾನೂನು ಮಗುವಿನ ಪ್ರಾಣವನ್ನು ಉಳಿಸಲು ನೆಚ್ಚಿಕೊಂಡುದು ಆಕೆಯನ್ನೇ. ಅಧಿಕಾರಿಯ ಸಂಬಳ ಏರುತ್ತಿದ್ದು ಆಕೆಯ ಕೂಲಿ ನಿಂತಲ್ಲೇ ನಿಂತಿದ್ದರೆ, ಆ ಸಂಸ್ಥೆಯು ತನ್ನ ಉದ್ದೇಶವನ್ನು ಮರೆಯುತ್ತಿದೆಯೆಂದು ತಿಳಿಯಬೇಕು.