ಬಿಯರಿನ ಊರು ಯಾವುದು? ಮುಂಡಗೋಡದ ಛಾಂಗ್ ನೆಪದಲ್ಲಿ

ಬಿಯರನ್ನು ಶೈಲಿಗಳಾಗಿ ವಿಂಗಡಿಸುವ ಕ್ರಮಕ್ಕೆ ಬಲ ಬಂದದ್ದು ಬಿಯರ್ ಬರಹಗಾರ ಮೈಕೆಲ್ ಜ್ಯಾಕ್ಸನ್ 1977ರಲ್ಲಿ ಪ್ರಕಟಿಸಿದ ಜಾಗತಿಕ ಕೈಪಿಡಿಯಿಂದ. ಮುಂದೆ ಜನಪ್ರಿಯ ಬರಹಗಳಲ್ಲಿ ಅದು ಒಂದು ಸೂತ್ರಕ್ಕೆ ಇಳಿಯಿತು: ಊರಿನ ನೀರು, ಊರಿನ ಧಾನ್ಯ, ಊರಿನ ಬಿಯರ್. 1842ರ ಪಿಲ್ಸೆನ್ ಬಿಯರಿಗೆ ಅಲ್ಲಿಯ ಮೆದು ನೀರೇ ಕಾರಣ ಎನ್ನುವ ಮಾತು ಇದಕ್ಕೆ ಸಿದ್ಧ ಸಾಕ್ಷಿ. ಆದರೆ ಇಂಗ್ಲೆಂಡಿನ ಬರ್ಟನ್ ಊರಿನ ಗಡಸು ನೀರಿನಂಥದ್ದನ್ನು ಬೇರೆಡೆಯ ಬಿಯರ್ ತಯಾರಕರು ಜಿಪ್ಸಮ್ ಬೆರೆಸಿ ಮಾಡಿಕೊಂಡರು. ನೀರಿನ ವಾದ ಅಲ್ಲಿಗೇ ಸಡಿಲಾಯಿತು.

ಧಾನ್ಯದ ವಾದವನ್ನು ಒರೆಗೆ ಹಚ್ಚಲು ಉತ್ತರ ಕನ್ನಡದಲ್ಲೇ ಅವಕಾಶವಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಬೈನೆ ಮರದ ಕಳ್ಳು ಇಲ್ಲಿ ಕೆಲಸಕ್ಕೆ ಬಾರದು. ಅದು ಸಿಹಿ ರಸ ತಾನಾಗಿ ಹುಳಿತದ್ದು, ಪಿಷ್ಟ ಒಡೆಯುವ ಪ್ರಶ್ನೆಯೇ ಇಲ್ಲ. ಬೇಕಾದದ್ದು ಧಾನ್ಯದಿಂದಲೇ ಮಾಡುವ, ಮುಂಡಗೋಡದ ಟಿಬೆಟನ್ ಕಾಲೋನಿಯ ಛಾಂಗ್. 1966ರಲ್ಲಿ ಇಲ್ಲಿ ನೆಲೆಸತೊಡಗಿದ ನಿರಾಶ್ರಿತರ ಜೊತೆಗೇ ಲೋಸಾರ್ ಹಬ್ಬದ, ಮದುವೆಯ ಈ ಪಾನೀಯವೂ ಬಂತು. (ದ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳಿಗೆ ‘ವಿನಯ’ ಎಂಬ ಸಂಘದ ನಿಯಮಗಳ ಪ್ರಕಾರ ಅದು ನಿಷಿದ್ಧ.)

ಮಾಡುವ ಬಗೆ ಹೀಗೆ. ಬೇಯಿಸಿದ ಧಾನ್ಯವನ್ನು ಹರವಿ ಆರಿಸುತ್ತಾರೆ. ಕೈಗೆ ಉಗುರು ಬೆಚ್ಚಗೆ ತಾಗುವಾಗ ‘ಫಾಬ್’ ಎಂಬ ಹುದುಗಿನ ಬಿಲ್ಲೆಯನ್ನು ಪುಡಿಮಾಡಿ ಉದುರಿಸಿ, ಕಂಬಳಿ ಸುತ್ತಿ ಬೆಚ್ಚಗಿಡುತ್ತಾರೆ. ಎರಡು ಮೂರು ದಿನದಲ್ಲಿ ಸಿಹಿ ಗಮಲು ಏಳುತ್ತದೆ. ಆಮೇಲೆ ನೀರು ಹೊಯ್ದು ಸೋಸುವುದು. ಯುರೋಪಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವುದು ಮೊಳಕೆ ಬಂದ ಬಾರ್ಲಿಯ ಕಿಣ್ವ. ಇಲ್ಲಿ ಆ ಕೆಲಸ ಬಿಲ್ಲೆಯೊಳಗಿನ ಬೂಷ್ಟಿನದು. ಮೊಳಕೆಯಿಲ್ಲದ್ದು ಬಿಯರೇ ಅಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಅದು ಯುರೋಪಿನ ರೂಢಿಯನ್ನೇ ಲಕ್ಷಣವೆಂದು ಹಿಡಿಯುವ ಮಾತು.

ಇನ್ನು ಧಾನ್ಯ. ಲಡಾಖಿನಲ್ಲಿ ಬಾರ್ಲಿ, ಸಿಕ್ಕಿಮಿನಲ್ಲಿ ನಮ್ಮದೇ ರಾಗಿ, ನೇಪಾಳದಲ್ಲಿ ಅಕ್ಕಿ. ಧಾನ್ಯ ಬದಲಾದರೂ ಬಿಲ್ಲೆಯ ಕ್ರಮ ಬದಲಾಗಿಲ್ಲ. ಹಾಗಾದರೆ ಶೈಲಿಯ ಗುರುತು ಧಾನ್ಯದಲ್ಲಿಲ್ಲ, ಹುದುಗಿನಲ್ಲಿದೆ ಎನ್ನಬಹುದೇನೋ. ಕನಿಷ್ಠ ಬೂಷ್ಟಿನ ಬಿಲ್ಲೆಯಿಂದ ಹುದುಗುವ ಪಾನೀಯಗಳ ಮಟ್ಟಿಗೆ, ಅದೂ ಮನೆಯಲ್ಲಿ ತಯಾರಾಗುವವುಗಳ ಮಟ್ಟಿಗೆ, ಹೀಗೆನ್ನಲು ಅಡ್ಡಿಯಿಲ್ಲವೆಂದು ತೋರುತ್ತದೆ.

ಹಾಗೆಂದು ಊರು ಲೆಕ್ಕಕ್ಕಿಲ್ಲ ಎಂದಲ್ಲ. ಸುಮಾರು 3,650 ಮೀಟರ್ ಎತ್ತರದ ಲ್ಹಾಸಾದಲ್ಲಿ ನೀರು 88 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕುದಿಯುತ್ತದೆ. 600 ಮೀಟರಿಗೂ ತಗ್ಗಿನ ಮುಂಡಗೋಡದಲ್ಲಿ ಧಾನ್ಯ ಬೇಗ ಬೇಯುತ್ತದೆ, ಸೆಕೆಗೆ ಛಾಂಗ್ ಬೇಗ ಹುಳಿಯುತ್ತದೆ. ಹಳೆಯ ಬಿಲ್ಲೆಯ ಪುಡಿಯಿಂದಲೇ ಹೊಸ ಬಿಲ್ಲೆಗೆ ಹೆಪ್ಪು ಹಾಕುವ ಮನೆಯಲ್ಲಿ ಸ್ಥಳೀಯ ಸೂಕ್ಷ್ಮಜೀವಿಗಳೂ ಸೇರಿಕೊಳ್ಳುವ ಸಾಧ್ಯತೆಯಿದೆ. ಹೊರಗಿನಿಂದ ತರಿಸಿದ ಬಿಲ್ಲೆಯಾದರೆ ಈ ಮಾತು ನಿಲ್ಲದು. ಸ್ಥಳೀಯ ಜೀವಿಗಳು ಸೇರಿಕೊಂಡಿದ್ದರೆ ಅದು ಟಿಬೆಟ್ಟಿನದಲ್ಲ, ಮುಂಡಗೋಡದ ಛಾಂಗ್. ಇದನ್ನು ತೀರ್ಮಾನಿಸುವುದು ಗ್ರಂಥಾಲಯದಲ್ಲಿ ಆಗುವ ಕೆಲಸವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞರು ಇಲ್ಲಿಯ ಬಿಲ್ಲೆಗಳನ್ನು ಲಡಾಖ್, ಸಿಕ್ಕಿಮಿನವುಗಳ ಪಕ್ಕದಲ್ಲಿಟ್ಟು ಪರೀಕ್ಷಿಸಲಿ.